ಡಿಗ್ರಿಗೆ ಬೇಕಾದ ಪ್ರೈವೇಟ್ ಸಂಗೀತ ಪಾಠ ಆನ್‌ಲೈನಲ್ಲಿ ತಗೊಂಡವರು ಇದ್ರೆ ಸ್ವಲ್ಪ ಹೇಳಿ

ಪ್ರಶ್ನೆ ಕೇಳಿದವರು:

ಎಲ್ರಿಗೂ ನಮಸ್ಕಾರ. ಮ್ಯೂಸಿಕ್ ಡಿಗ್ರಿ ಮಾಡ್ತಿದೀನಿ, ಮುಖ್ಯ ವಾದ್ಯ ವಯೊಲಿನ್, ವೆಸ್ಟರ್ನ್ ಕ್ಲಾಸಿಕಲ್. ನಮ್ಮ ವಿಭಾಗದಲ್ಲಿ ವಯೊಲಿನ್ ಹೇಳ್ಕೊಡ್ತಿದ್ದವರು ರಿಟೈರ್ ಆದ್ರು, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಅಲ್ಲೀವರೆಗೆ ಬೇರೆ ದೇಶದಲ್ಲಿರೋ ಒಬ್ಬ ಟೀಚರ್ ಹತ್ರ ವಾರಕ್ಕೊಂದು ಗಂಟೆ ಆನ್‌ಲೈನ್ ಪಾಠ ತಗೋ, ಅದಕ್ಕೇ ಕ್ರೆಡಿಟ್ ಕೊಡ್ತೀವಿ ಅಂತಿದಾರೆ. ಸೆಮಿಸ್ಟರ್ ಕೊನೆಯ ಜೂರಿ (ಪರೀಕ್ಷಕರ ಗುಂಪಿನ ಮುಂದೆ ನುಡಿಸೋ ಪರೀಕ್ಷೆ) ಮಾತ್ರ ಹಾಲ್‌ನಲ್ಲಿ, ಎದುರೆದುರು ನುಡಿಸ್ಬೇಕು. ಈ ಲೆವೆಲ್‌ನಲ್ಲಿ ಇದು ನಿಜವಾಗ್ಲೂ ಕೆಲಸ ಮಾಡತ್ತಾ? ಸಲಕರಣೆ ಎಷ್ಟು ಬೇಕು? ಒಪ್ಕೊಳ್ಳೋಕೆ ಮುಂಚೆ ಟೀಚರ್ ಹತ್ರ, ವಿಭಾಗದ ಹತ್ರ ಏನೇನು ಕೇಳ್ಕೋಬೇಕು? ತಗೊಂಡವರು, ಹೇಳ್ಕೊಟ್ಟವರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ.

ವಯೊಲಿನ್, ಡಿಗ್ರಿ ಮುಗಿಸಿದವಳು:

ನಾನು ಡಿಗ್ರಿಯ ಕೊನೆ ಭಾಗ ಪೂರ್ತಿ ಹೀಗೇ ಕಲಿತಿದ್ದು, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ಕೆಲಸ ಮಾಡತ್ತೆ, ಆದ್ರೆ ಯಾವುದು ಆಗತ್ತೆ ಯಾವುದು ಆಗಲ್ಲ ಅಂತ ಮೊದಲೇ ತಿಳ್ಕೊಂಡು ಇಳೀಬೇಕು. ಸ್ವರ ಎಲ್ಲಿ ತಪ್ತಿದೆ, ಯಾವ ಬೆರಳು, ಬಿಲ್ಲು ಯಾವ ಕಡೆಗೆ, ಪೊಸಿಷನ್ (ಎಡಗೈ ಇರೋ ಜಾಗ) ಬದಲಾಯಿಸುವಾಗ ಹೆಬ್ಬೆರಳು ಎಲ್ಲಿ ಹಿಡ್ಕೊಂಡುಬಿಡ್ತಿದೆ, ಲಯ ಎಲ್ಲಿ ಓಡ್ತಿದೆ, ಒಂದು ಫ್ರೇಸ್ ಎಲ್ಲಿ ಮುಗೀಬೇಕು, ಇದೆಲ್ಲ ಸ್ಕ್ರೀನ್ ಮೇಲೆ ಚೆನ್ನಾಗೇ ಆಗತ್ತೆ, ಕೆಲವು ಸಲ ಎದುರಿಗಿದ್ದಾಗಿಗಿಂತ ಚೆನ್ನಾಗಿ, ಯಾಕಂದ್ರೆ ಟೀಚರ್‌ಗೆ ಕ್ಯಾಮೆರಾದಲ್ಲಿ ಕಾಣೋದು ನಿಮ್ಮ ಕೈ ಮಾತ್ರ, ಅವರ ಗಮನ ಬೇರೆ ಕಡೆ ಹೋಗಲ್ಲ.

ಆಗದೇ ಇರೋದು ನಾದ. ಬಿಲ್ಲನ್ನ ಬ್ರಿಡ್ಜ್ (ತಂತಿ ಹೊತ್ತಿರೋ ಮರದ ತುಂಡು) ಹತ್ರ ತಂದ್ರೆ ಬರೋ ಸದ್ದು, ಫಿಂಗರ್‌ಬೋರ್ಡ್ (ಬೆರಳಿಡೋ ಪಟ್ಟಿ) ಕಡೆಗೆ ಸರಿಸಿದ್ರೆ ಬರೋ ಸದ್ದು, ಇವೆರಡರ ವ್ಯತ್ಯಾಸ ವೀಡಿಯೋ ಕಾಲ್‌ನಲ್ಲಿ ಅರ್ಧಕ್ಕರ್ಧ ಮಾಯ ಆಗತ್ತೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಸಾಫ್ಟ್‌ವೇರ್ ತಾನೇ ವಾಲ್ಯೂಮ್ ಏರಿಸಿ ಇಳಿಸಿ ಮಾಡತ್ತೆ, ನೀವು ಮೆತ್ತಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಆ ಕಡೆ ಹೆಚ್ಚೂಕಮ್ಮಿ ಒಂದೇ ಥರ ಕೇಳತ್ತೆ. ಟೀಚರ್ "ವ್ಯತ್ಯಾಸ ಕೇಳ್ತಿಲ್ಲ, ಇನ್ನೂ ಮಾಡು" ಅಂತಾರೆ, ನೀವು ಬಿಲ್ಲನ್ನ ಒತ್ತೋಕೆ ಶುರು ಮಾಡ್ತೀರಿ, ಒಂದು ಸೆಮಿಸ್ಟರ್ ಇದೇ ನಡೆದ್ರೆ ಬಲಗೈ ಬಿಗಿ ಆಗಿರತ್ತೆ, ಮೈಕ್‌ಗೆ ನುಡಿಸೋ ಅಭ್ಯಾಸ ಆಗಿರತ್ತೆ, ಹಾಲ್‌ಗೆ ಹೋಗಿ ನಿಂತಾಗ ಸದ್ದು ಮೂರನೇ ಸಾಲು ದಾಟಲ್ಲ. ಜೂರಿಯವರು ಕೇಳೋದು ಮಾತ್ರ ಹಾಲ್‌ನ ಸದ್ದನ್ನ.

ಇದಕ್ಕೆ ನಮ್ಮ ಟೀಚರ್ ಕಂಡ್ಕೊಂಡಿದ್ದ ದಾರಿ ಹೀಗೆ. ಪಾಠದ ಹಿಂದಿನ ದಿನ ನಾನು ನನ್ನ ಕಡೆಯೇ ರೆಕಾರ್ಡ್ ಮಾಡಿ ಕಳಿಸ್ಬೇಕು, ಅದೂ ಮೆಸೇಜಿಂಗ್ ಆಪ್‌ನಲ್ಲಿ ವಾಯ್ಸ್ ನೋಟ್ ಥರ ಅಲ್ಲ, ಅದು ಕುಗ್ಗಿಸಿಬಿಡತ್ತೆ, ಕುಗ್ಗಿಸದ ವೇವ್ ಫೈಲನ್ನೇ ಡ್ರೈವ್‌ಗೆ ಹಾಕ್ಬೇಕು. ಅವರು ಒಳ್ಳೆ ಸ್ಪೀಕರ್‌ನಲ್ಲಿ ಕೇಳಿ ಇಷ್ಟನೇ ನಿಮಿಷ ಇಷ್ಟನೇ ಸೆಕೆಂಡ್ ಅಂತ ಟಿಪ್ಪಣಿ ಬರ್ದಿಟ್ಕೊಂಡು ಬರ್ತಿದ್ರು, ಲೈವ್ ಪಾಠ ಅಲ್ಲಿಂದ ಶುರು ಆಗ್ತಿತ್ತು. ನಾದದ ವಿಷಯ ಎಲ್ಲ ಆ ಫೈಲ್ ಮೇಲೇ ಮಾತಾಡ್ತಿದ್ವಿ, ಕಾಲ್‌ನಲ್ಲಿ ಕೇಳೋ ಸದ್ದಿನ ಬಗ್ಗೆ ಅವರು ತೀರ್ಪು ಕೊಡ್ತಾನೇ ಇರ್ಲಿಲ್ಲ. ಜೊತೆಗೆ ಆಗಾಗ ದೊಡ್ಡ ಖಾಲಿ ಕೋಣೆ ಸಿಕ್ಕಾಗ ರೆಕಾರ್ಡರನ್ನ ಹತ್ತು ಮೀಟರ್ ಆಚೆ ಇಟ್ಟು ನುಡಿಸಿ ಕಳಿಸು ಅಂತಿದ್ರು. ನಿಮ್ಮ ಟೀಚರ್ ಇದಕ್ಕೆ ಒಪ್ತಾರಾ ಅಂತ ಮೊದಲೇ ಕೇಳಿ. "ಕಾಲ್‌ನಲ್ಲೇ ಕೇಳ್ತೀನಿ, ಸಾಕು" ಅಂದ್ರೆ ನಾನಾಗಿದ್ರೆ ಇನ್ನೊಬ್ಬರನ್ನ ಹುಡುಕ್ತಿದ್ದೆ.

ರೆಕಾರ್ಡಿಂಗ್ ಕೆಲಸ ಬಲ್ಲವನು:

ಮೇಲಿನವರು ಹೇಳಿದ್ದು ಸರಿ, ಆದ್ರೆ ಆ ನಷ್ಟದಲ್ಲಿ ಸುಮಾರು ಭಾಗ ಸೆಟ್ಟಿಂಗ್ಸ್‌ನಿಂದ ಬರೋದು, ಅದನ್ನ ದುಡ್ಡಿಲ್ಲದೇ ತಪ್ಪಿಸ್ಬಹುದು. ಮೀಟಿಂಗ್ ಆಪ್‌ಗಳೆಲ್ಲ ಮಾತಿಗೋಸ್ಕರ ಮಾಡಿದವು. ಒಂದೇ ಸಮನೆ ಬರೋ ಸದ್ದು ಅಂದ್ರೆ ಅವಕ್ಕೆ ಫ್ಯಾನು ಏಸಿ ಇದ್ದ ಹಾಗೆ, ಹಾಗಾಗಿ ನೀವು ಉದ್ದಕ್ಕೆ ಎಳೆದ ಸ್ವರವನ್ನೂ ನಾಯ್ಸ್ ಅಂತ ತಿಳ್ಕೊಂಡು ಕತ್ತರಿಸ್ತವೆ. ಝೂಮ್ ಆದ್ರೆ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಅಂತ ಇದೆ, ಅದನ್ನ ಆನ್ ಮಾಡಿ ಅದರೊಳಗಿನ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್ ಟಿಕ್ ಮಾಡಿ, ಎಕೋ ಕ್ಯಾನ್ಸಲೇಷನ್ (ಸ್ಪೀಕರಿಂದ ಮೈಕ್‌ಗೆ ತಿರುಗಿ ಬರೋ ಸದ್ದನ್ನ ಅಳಿಸೋದು) ಟಿಕ್ ತೆಗೀರಿ, ಮೈಕ್ ವಾಲ್ಯೂಮ್ ತಾನೇ ಹೊಂದಿಸ್ಕೊಳ್ಳೋ ಆಪ್ಷನ್‌ನೂ ತೆಗೀರಿ. ಈ ಹೈ ಫಿಡೆಲಿಟಿ ಮೋಡ್ 2020ರಲ್ಲಿ ಬಂದಿದ್ದು, 48 ಕಿಲೋಹರ್ಟ್ಸ್, ಮೊನೊಗೆ 96 ಕೆಬಿಪಿಎಸ್ ವರೆಗೆ ಹೋಗತ್ತೆ, ಪಾಠಕ್ಕೆ ಧಾರಾಳ ಸಾಕು. ಸ್ಟೀರಿಯೋ ಬೇಡ, ಸುಮ್ನೆ ನೆಟ್ ತಿನ್ನತ್ತೆ.

ಜನ ಎಡವೋದು ಎರಡು ಕಡೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದ ಮೇಲೆ ಮೀಟಿಂಗ್ ಒಳಗೂ ಒರಿಜಿನಲ್ ಸೌಂಡ್ ಬಟನ್ ಆನ್ ಇದೆಯಾ ಅಂತ ಪ್ರತಿ ಸಲ ನೋಡ್ಬೇಕು. ಇನ್ನೊಂದು, ಇದು ಕಳಿಸೋರ ಕಡೆಯ ಸೆಟ್ಟಿಂಗ್, ನೀವು ಹಾಕ್ಕೊಂಡ್ರೆ ಟೀಚರ್‌ಗೆ ಚೆನ್ನಾಗಿ ಕೇಳತ್ತೆ ಅಷ್ಟೇ, ಅವರು ನುಡಿಸಿ ತೋರಿಸಿದ್ದು ನಿಮಗೆ ಚೆನ್ನಾಗಿ ಕೇಳ್ಬೇಕು ಅಂದ್ರೆ ಅವರೂ ಹಾಕ್ಕೋಬೇಕು. ಎಕೋ ಕ್ಯಾನ್ಸಲೇಷನ್ ತೆಗೆದ್ರೆ ಇಬ್ರಿಗೂ ಹೆಡ್‌ಫೋನ್ ಕಡ್ಡಾಯ, ವೈರ್ ಇರೋದೇ. ಬ್ಲೂಟೂತ್ ಬೇಡ್ವೇ ಬೇಡ, ಸದ್ದು ತಡವಾಗಿ ಬರೋದು ಒಂದು, ಅದರ ಮೈಕನ್ನೂ ಬಳಸಿದ್ರೆ ಹಳೇ ಫೋನ್ ಕಾಲ್ ಕ್ವಾಲಿಟಿಗೆ ಇಳಿಯೋದು ಇನ್ನೊಂದು.

ಖರ್ಚು ಮಾಡೋದಿದ್ರೆ ಮೊದಲು ರೂಟರಿನಿಂದ ಲ್ಯಾಪ್‌ಟಾಪ್‌ಗೆ ಒಂದು ಕೇಬಲ್, ಆಮೇಲೆ ಒಂದು ಸಾಧಾರಣ ಯುಎಸ್‌ಬಿ ಕಂಡೆನ್ಸರ್ ಮೈಕ್, ವಾದ್ಯದಿಂದ ಒಂದೂವರೆ ಮೀಟರ್ ದೂರ ಇಡಿ, ನಿಮ್ಮ ಅತಿ ಜೋರಾದ ಸ್ವರ ನುಡಿಸಿದಾಗ ಮೀಟರ್ ಕೆಂಪಿಗೆ ಹೋಗದ ಹಾಗೆ ಗೇನ್ (ಮೈಕ್ ಸದ್ದನ್ನ ಎಷ್ಟು ಹಿಗ್ಗಿಸ್ಬೇಕು ಅನ್ನೋ ಮಟ್ಟ) ಇಟ್ಟು ಮತ್ತೆ ಮುಟ್ಬೇಡಿ. ಆಡಿಯೋ ಇಂಟರ್ಫೇಸು (ಮೈಕನ್ನ ಕಂಪ್ಯೂಟರ್‌ಗೆ ಸೇರಿಸೋ ಪೆಟ್ಟಿಗೆ), ಎರಡು ಮೈಕು ಎಲ್ಲ ರಿಸೈಟಲ್ ರೆಕಾರ್ಡ್ ಮಾಡೋ ಟೈಮಿಗೆ ನೋಡ್ಕೊಂಡ್ರಾಯ್ತು.

ಪ್ರಶ್ನೆ ಕೇಳಿದವರು:

ಅಯ್ಯೋ ಇಷ್ಟೊಂದು ಇದೆ ಅಂತ ಗೊತ್ತೇ ಇರ್ಲಿಲ್ಲ, ಇಬ್ರಿಗೂ ಥ್ಯಾಂಕ್ಸ್. ಒಂದು ಡೌಟು, ಹಳೇ ಟೀಚರ್ ಜೊತೆ ಡುಯೆಟ್ ನುಡಿಸಿ ನುಡಿಸಿಯೇ ನಾನು ಶ್ರುತಿ ಸರಿ ಮಾಡ್ಕೊಂಡಿದ್ದು. ಆನ್‌ಲೈನಲ್ಲಿ ಜೊತೆಗೆ ನುಡಿಸೋಕೆ ಯಾವುದಾದ್ರೂ ಬೇರೆ ಆಪ್ ಇದೆಯಾ?

ಹೇಳ್ಕೊಡೋ ಕಡೆಯವಳು:

ಹಲವು ವರ್ಷದಿಂದ ಕಾಲೇಜ್ ಮಕ್ಕಳಿಗೆ ಎರಡೂ ರೀತಿ ಹೇಳ್ಕೊಡ್ತಿದೀನಿ. ಬೇರೆ ದೇಶ ಅಂದ್ರಲ್ಲ, ಹಾಗಿದ್ರೆ ಜೊತೆಗೆ ನುಡಿಸೋ ಆಸೆ ಬಿಟ್ಬಿಡಿ ಕಂದ. ಕಾರಣ ಹೇಳ್ತೀನಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಅಂದ್ರೆ 10 ಮಿಲಿಸೆಕೆಂಡಿಗೆ ಮೂರೂವರೆ ಮೀಟರ್ ಹತ್ರ. ಇಬ್ಬರು ಲಯ ಕೆಡದೆ ನುಡಿಸೋಕೆ ತಡೆಯೋ ವಿಳಂಬ ಸುಮಾರು 25ರಿಂದ 30 ಮಿಲಿಸೆಕೆಂಡ್, ಅದರಾಚೆಗೆ ಒಬ್ಬರಿಗೊಬ್ಬರು ಕಾಯ್ತಾ ಕಾಯ್ತಾ ಕಾಲ ಇಳೀತಾ ಹೋಗತ್ತೆ. ಮಾಮೂಲಿ ವೀಡಿಯೋ ಕಾಲ್‌ನಲ್ಲಿ 150 ಮಿಲಿಸೆಕೆಂಡ್ ಆರಾಮಾಗಿ ಆಗತ್ತೆ, ಅದು ಐವತ್ತು ಮೀಟರ್ ಆಚೆ ನಿಂತವರ ಜೊತೆ ನುಡಿಸೋದಕ್ಕೆ ಸಮ. ಜ್ಯಾಕ್‌ಟ್ರಿಪ್ ಅಂತ ಇದೆ, ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು, ಜಮ್ಯುಲಸ್, ಸೋನೋಬಸ್ ಕೂಡ ಇವೆ, ವೈರ್ ನೆಟ್ಟು ಇಂಟರ್ಫೇಸು ಇದ್ದು ಇಬ್ಬರೂ ಕೆಲವು ನೂರು ಕಿಲೋಮೀಟರ್ ಒಳಗಿದ್ರೆ ಚೆನ್ನಾಗಿ ಕೆಲಸ ಮಾಡ್ತವೆ. ಆದ್ರೆ ಫೈಬರ್ ಒಳಗೆ ಬೆಳಕಿಗೇ 1000 ಕಿಲೋಮೀಟರ್ ದಾಟೋಕೆ 5 ಮಿಲಿಸೆಕೆಂಡ್ ಬೇಕು, ಆರೇಳು ಸಾವಿರ ಕಿಲೋಮೀಟರ್ ಅಂದ್ರೆ ಲೆಕ್ಕ ಅಲ್ಲೇ ಮುಗೀತು, ಅದು ಯಾವ ಆಪ್‌ನಿಂದಲೂ ಸರಿ ಹೋಗಲ್ಲ.

ನಾನು ಮಾಡೋದೇನಂದ್ರೆ ಎರಡನೇ ವಯೊಲಿನ್ ಭಾಗ ನಾನೇ ನುಡಿಸಿ ರೆಕಾರ್ಡ್ ಮಾಡಿ ಕಳಿಸ್ತೀನಿ, ಒಂದು ನಿಧಾನ ಕಾಲದಲ್ಲಿ, ಒಂದು ಸರಿಯಾದ ಕಾಲದಲ್ಲಿ. ಪಾಠದ ಹೊತ್ತಲ್ಲಿ ವಿದ್ಯಾರ್ಥಿ ಅದನ್ನ ತನ್ನ ಕೋಣೆಯಲ್ಲೇ ಬೇರೆ ಒಂದು ಸ್ಪೀಕರ್‌ನಲ್ಲಿ ಹಾಕ್ಕೊಂಡು ಜೊತೆಗೆ ನುಡಿಸ್ತಾರೆ, ಎರಡೂ ಒಂದೇ ಮೈಕ್‌ಗೆ ಬೀಳೋದ್ರಿಂದ ನನಗೆ ಸರಿಯಾಗಿ ಹೊಂದ್ಕೊಂಡೇ ಕೇಳತ್ತೆ. ಪಿಯಾನೋ ಪಕ್ಕವಾದ್ಯದ ಟ್ರ್ಯಾಕಿಗೂ ಹೀಗೇ. ಟ್ರ್ಯಾಕ್ ಯಾವತ್ತೂ ವಿದ್ಯಾರ್ಥಿ ಕಡೆಯೇ ಓಡ್ಬೇಕು, ಟೀಚರ್ ಕಡೆಯಿಂದ ಹಾಕಿದ್ರೆ ಗೊಂದಲವೇ. ಶ್ರುತಿಗೆ ಒಂದು ಆಧಾರ ಸ್ವರ ಸಣ್ಣಗೆ ಹಾಕ್ಕೊಂಡು ಸ್ಕೇಲ್ ನುಡಿಸಿ, ಡುಯೆಟ್‌ನಷ್ಟು ಮಜಾ ಇಲ್ಲ, ಕಿವಿಗೆ ಕೆಲಸ ಮಾತ್ರ ಅಷ್ಟೇ ಸಿಗತ್ತೆ.

ಇನ್ನೊಂದು, ಎದುರಿಗಿದ್ರೆ ವಿದ್ಯಾರ್ಥಿ ನುಡಿಸ್ತಿರುವಾಗಲೇ "ಬಿಲ್ಲು ಹಗುರ" ಅಂತ ಮೆಲ್ಲಗೆ ಹೇಳಿ ಸರಿ ಮಾಡ್ತೀವಿ. ಇಲ್ಲಿ ಆ ಮಾತು ಎರಡು ಸ್ವರ ಆದಮೇಲೆ ತಲುಪತ್ತೆ, ಕೆಲವು ಸಲ ತಲುಪೋದೇ ಇಲ್ಲ. ಹಾಗಾಗಿ ಕೈ ಎತ್ತಿದ್ರೆ ನಿಲ್ಸು ಅಂತ ಮೊದಲ ದಿನವೇ ಒಪ್ಪಂದ ಮಾಡ್ಕೊಳ್ಳಿ, ಸ್ಕ್ರೀನ್ ಕಣ್ಣಿಗೆ ಬೀಳೋ ಕಡೆ ಇರ್ಲಿ. ಇಬ್ಬರ ಹತ್ರಾನೂ ಒಂದೇ ಎಡಿಷನ್ ಇರ್ಬೇಕು, ಬಾರ್ ನಂಬರ್ ಬರೆದಿರ್ಬೇಕು, ಇಲ್ಲದಿದ್ರೆ "ಎಲ್ಲಿಂದ?" "ಮೂರನೇ ಸಾಲಿಂದ" "ನನ್ನದರಲ್ಲಿ ಮೂರನೇ ಸಾಲು ಬೇರೆ" ಅನ್ನೋದರಲ್ಲೇ ಗಂಟೆ ಕಳೆಯತ್ತೆ. ಪಾಠ ರೆಕಾರ್ಡ್ ಮಾಡ್ಕೊಳ್ಳೋಕೆ ಅನುಮತಿ ಕೇಳಿ, ನಾನಂತೂ ಮಾಡ್ಕೊಳ್ಳಿ ಅಂತಲೇ ಹೇಳ್ತೀನಿ, ಇಷ್ಟಪಡದವರೂ ಇದಾರೆ.

ಅಂದಹಾಗೆ ಇದು ಲಾಕ್‌ಡೌನ್ ಕಾಲದಲ್ಲಿ ಹುಟ್ಟಿದ್ದು ಅಂದ್ಕೋಬೇಡಿ. ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ವಯೊಲಿನ್‌ನ ಪಿಂಕಸ್ ಝುಕರ್‌ಮನ್ 1990ರ ದಶಕದಲ್ಲೇ ವೀಡಿಯೋ ಕಾನ್ಫರೆನ್ಸ್‌ನಲ್ಲಿ ಪಾಠ ಶುರು ಮಾಡಿದ್ರು, ಆಗ ಅದಕ್ಕೆ ಬೇಕಿದ್ದ ಮಶೀನು ಮನೇಲಿ ಇಟ್ಕೊಳ್ಳೋ ಅಂಥದ್ದಲ್ಲ ಅಷ್ಟೇ.

ಪಿಯಾನೋ, ಮಾಸ್ಟರ್ಸ್ ಮಾಡ್ತಿರೋನು:

ವಯೊಲಿನ್ ಪ್ರಶ್ನೆ ಅಂತ ಗೊತ್ತು, ಮುಂದೆ ಯಾರಾದ್ರೂ ಪಿಯಾನೋದವರು ಇದನ್ನ ಓದಿದ್ರೆ ಇರ್ಲಿ ಅಂತ. ನಮಗೆ ಕಷ್ಟ ಪೆಡಲ್‌ದು. ಕೈ ಮೇಲಿಂದ ಒಂದು ಕ್ಯಾಮೆರಾ ಇಟ್ಟು ಕಾಲು ತೋರಿಸದೇ ಇದ್ರೆ ಅರ್ಧ ಪಾಠ ಊಹೆ ಮೇಲೆ ನಡೆಯತ್ತೆ, ನಾಯ್ಸ್ ಸಪ್ರೆಷನ್ ಆನ್ ಇದ್ರೆ ಪೆಡಲ್‌ನಲ್ಲಿ ಉಳಿಯೋ ಸದ್ದೇ ಕೇಳಲ್ಲ. ಯಮಹಾದ ಡಿಸ್ಕ್‌ಲಾವಿಯರ್ (ತಾನೇ ನುಡಿಸ್ಕೊಳ್ಳೋ ಪಿಯಾನೋ) ಎರಡೂ ಕಡೆ ಇದ್ರೆ ನೀವು ಒತ್ತಿದ ಕೀ ಆ ಕಡೆ ಪಿಯಾನೋದಲ್ಲಿ ತಾನೇ ಇಳಿಯತ್ತೆ, ಪೆಡಲ್ ಕೂಡ, ಟೀಚರ್ ಕೇಳೋದು ನಿಜವಾದ ಪಿಯಾನೋವನ್ನೇ. ಕೆಲವು ಯೂನಿವರ್ಸಿಟಿಗಳಲ್ಲಿ ಇರತ್ತೆ, ಮನೇಲಿ ಇಟ್ಕೊಳ್ಳೋ ಬೆಲೆ ಅಲ್ಲ ಅದು. ಮನೇಲಿ ಡಿಜಿಟಲ್ ಪಿಯಾನೋ ಮಾತ್ರ ಇರೋರು ವಾರದಲ್ಲಿ ಸ್ವಲ್ಪ ಹೊತ್ತಾದ್ರೂ ವಿಭಾಗದ ಪ್ರಾಕ್ಟೀಸ್ ರೂಮ್‌ನ ಅಕೌಸ್ಟಿಕ್ ಮೇಲೆ ಕೂರ್ಲೇಬೇಕು.

ಕರ್ನಾಟಕ ಸಂಗೀತ, ಹಾಡುಗಾರಿಕೆ:

ನಮ್ಮ ಕಡೆ ಪಾಠ ಅಂದ್ರೆ ಗುರುಗಳು ಒಂದು ಸಂಗತಿ (ಒಂದೇ ಸಾಲಿನ ಇನ್ನೊಂದು ರೂಪ) ಹಾಡ್ತಾರೆ ನಾವು ತಿರುಗಿ ಹಾಡ್ತೀವಿ, ಹಾಗಾಗಿ ಆನ್‌ಲೈನ್‌ಗೆ ಒಂಥರಾ ಹೊಂದ್ಕೊಳ್ಳತ್ತೆ. ತೊಂದರೆ ಬರೋದು ತಂಬೂರದ್ದು. ಅದೂ ಒಂದೇ ಸಮ ಬರೋ ಸದ್ದಾದ್ದರಿಂದ ಆಪ್ ಅದನ್ನ ಅಳಿಸಿಹಾಕತ್ತೆ, ಅಳಿಸೋ ಭರದಲ್ಲಿ ಅದರ ಜೊತೆ ನನ್ನ ಮಂದ್ರದ ಸ್ವರಗಳನ್ನೂ ನುಂಗತ್ತೆ. ಒರಿಜಿನಲ್ ಸೌಂಡ್ ಹಾಕಿದ ಮೇಲೆ ಸರಿ ಹೋಯ್ತು. ತಂಬೂರ ಹಾಡೋರ ಕಡೆ ಮಾತ್ರ ಇರ್ಲಿ, ಇಬ್ಬರೂ ಹಾಕ್ಕೊಂಡ್ರೆ ಎರಡು ಶ್ರುತಿ ಒಂದರ ಮೇಲೊಂದು ಬಂದು ತಲೆ ಕೆಡತ್ತೆ. ತಾಳ ಒಟ್ಟಿಗೆ ಹಾಕೋದು ಆಗಲ್ಲ, ಗುರುಗಳ ಕೈ ನೋಡ್ಕೊಂಡು ಹಾಡಿದ್ರೆ ನೀವು ಹಿಂದೆ ಬೀಳ್ತೀರಿ, ನಿಮ್ಮ ತಾಳ ನೀವೇ ಹಾಕಿ, ಅವರು ನೋಡ್ಲಿ. ಗಮಕದ ಸೂಕ್ಷ್ಮ ವಿಷಯಕ್ಕೆ ಮೇಲೆ ಹೇಳಿದ ಫೈಲ್ ಕಳಿಸೋ ದಾರಿಯೇ ಸರಿ.

ಬೇಡ ಅನ್ನೋನು:

ಎಲ್ರೂ ಸೆಟ್ಟಿಂಗ್ಸ್ ಬಗ್ಗೆ ಮಾತಾಡ್ತಿದೀರಿ, ನಾನು ಬೇರೆ ಹೇಳ್ತೀನಿ. ನಾನು ಒಂದು ವರ್ಷ ತಗೊಂಡು ಬಿಟ್ಟೆ. ಟೀಚರ್ ಒಳ್ಳೆಯವರೇ, ಪಾಠಾನೂ ಚೆನ್ನಾಗೇ ಇತ್ತು. ಆದ್ರೆ ಯೂನಿವರ್ಸಿಟಿಯಲ್ಲಿ ಪ್ರೈವೇಟ್ ಪಾಠ ಅಂದ್ರೆ ಆ ಒಂದು ಗಂಟೆ ಅಷ್ಟೇ ಅಲ್ಲ. ಅದೇ ಟೀಚರ್ ಹತ್ರ ಕಲಿಯೋ ಬೇರೆಯವರ ಮುಂದೆ ಸ್ಟುಡಿಯೋ ಕ್ಲಾಸ್‌ನಲ್ಲಿ ನುಡಿಸೋದು, ಅವರು ನುಡಿಸೋದನ್ನ ಕೇಳೋದು, ಟೀಚರ್ ಕಾರಿಡಾರಲ್ಲಿ ಸಿಕ್ಕು "ನಾಳೆ ಕ್ವಾರ್ಟೆಟ್‌ಗೆ ಒಬ್ರು ಬೇಕು, ಬರ್ತೀಯಾ" ಅನ್ನೋದು, ಇದೂ ಅದರ ಭಾಗವೇ. ಆನ್‌ಲೈನ್ ಟೀಚರ್‌ಗೆ ನೀವು ಆರ್ಕೆಸ್ಟ್ರಾದಲ್ಲಿ ಹೇಗೆ ಕೂರ್ತೀರಿ, ಬೇರೆಯವರ ಜೊತೆ ಹೇಗೆ ಹೊಂದ್ಕೊಳ್ತೀರಿ ಅಂತ ಗೊತ್ತೇ ಇರಲ್ಲ, ಮುಂದೆ ಶಿಫಾರಸು ಪತ್ರ ಕೇಳಿದಾಗ ಏನು ಬರೀತಾರೆ? ಒಂದು ಸೆಮಿಸ್ಟರ್ ಮಟ್ಟಿಗೆ ಸರಿ, ಇದನ್ನೇ ವಿಭಾಗದವರು ವರ್ಷಗಟ್ಟಲೆ ಎಳೆದ್ರೆ ಹೊಸ ಟೀಚರನ್ನ ಯಾವಾಗ ತಗೋತೀರಿ ಅಂತ ನೇರವಾಗಿ ಕೇಳಿ.

ವಯೊಲಿನ್, ಡಿಗ್ರಿ ಮುಗಿಸಿದವಳು:

ಇವರ ಮಾತು ನಾನೂ ಒಪ್ತೀನಿ, ಆದ್ರೆ ಬಿಡೋದೇ ದಾರಿ ಅಂತ ಅಲ್ಲ. ಚೇಂಬರ್ ಮ್ಯೂಸಿಕ್ (ನಾಲ್ಕೈದು ಜನ ಸೇರಿ ನುಡಿಸೋದು) ಪಾಠ ಹೇಗೂ ನಿಮ್ಮಲ್ಲೇ ಬೇರೆಯವರು ತಗೋತಾರಲ್ಲ, ಅದನ್ನ ಆನ್‌ಲೈನ್ ಪಾಠ ಇರೋ ಸೆಮಿಸ್ಟರ್‌ನಲ್ಲೇ ತಗೊಳ್ಳಿ, ಆ ರಿಹರ್ಸಲ್ ರೆಕಾರ್ಡಿಂಗನ್ನೂ ಟೀಚರ್‌ಗೆ ಕಳಿಸಿ. ಶಿಫಾರಸಿಗೆ ಅವರ ಹತ್ರ ಏನಾದ್ರೂ ಹೇಳೋಕೆ ಇರತ್ತೆ ಆಗ.

ವಿಭಾಗದ ಹತ್ರ ಕೇಳೋದರ ಬಗ್ಗೆ ಯಾರೂ ಹೇಳ್ಲಿಲ್ಲ. ಮಾರ್ಕ್ಸ್ ಯಾರು ಕೊಡೋದು, ಆನ್‌ಲೈನ್ ಟೀಚರ್‌ದು ಎಷ್ಟು ಪಾಲು, ಜೂರಿದು ಎಷ್ಟು ಪಾಲು? ಜೂರಿಯಲ್ಲಿ ಏನು ನುಡಿಸ್ಬೇಕು ಅಂತ ಒಪ್ಪಿಗೆ ಕೊಡೋರು ಯಾರು? ಎಷ್ಟು ಪಾಠ ಆದ್ರೆ ಕ್ರೆಡಿಟ್, ನೆಟ್ ಹೋಗಿ ತಪ್ಪಿದ ಪಾಠ ಲೆಕ್ಕಕ್ಕೆ ಬರತ್ತಾ? ಫೀಸ್ ನೀವು ಕೊಡೋದಾ ಅವರು ಕೊಡೋದಾ? ಇದೆಲ್ಲ ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ಬರೆಸ್ಕೊಳ್ಳಿ, ನಡುವೆ ವಿಭಾಗದ ಮುಖ್ಯಸ್ಥರು ಬದಲಾದ್ರೆ ಹಳೇ ಮಾತು ಯಾರಿಗೂ ನೆನಪಿರಲ್ಲ. ಟೀಚರ್ ಇರೋ ದೇಶದಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡೋ ಪದ್ಧತಿ ಇದ್ರೆ ಅದನ್ನೂ ನೋಡ್ಕೊಳ್ಳಿ, ಆ ವಾರ ಪಾಠ ತಪ್ಪೋದು ಬಹಳ ಸಲ ಅದಕ್ಕೇ.

ಪ್ರಶ್ನೆ ಕೇಳಿದವರು:

ಬರೆದಿಟ್ಕೊಂಡೆ ಅಕ್ಕ, ಫೀಸ್ ವಿಷಯ ತಲೆಗೇ ಬಂದಿರ್ಲಿಲ್ಲ. ಕೊನೆಯದಾಗಿ ಎರಡು. ನನ್ನ ಹತ್ರ ಲ್ಯಾಪ್‌ಟಾಪು ಒಂದು ಫೋನು ಅಷ್ಟೇ, ಕ್ಯಾಮೆರಾ ಹೇಗೆ ಇಡ್ಲಿ? ಆಮೇಲೆ ಉದ್ದ ಪ್ರಾಕ್ಟೀಸ್ ಮಾಡಿದಾಗ ಎಡ ಭುಜ ನೋಯತ್ತೆ, ಹಳೇ ಟೀಚರ್ ಆಗಾಗ ಬಂದು ಭುಜ ಮುಟ್ಟಿ ಇಳಿಸ್ತಿದ್ರು. ಅದು ಆನ್‌ಲೈನಲ್ಲಿ?

ಹೇಳ್ಕೊಡೋ ಕಡೆಯವಳು:

ಕ್ಯಾಮೆರಾಗೆ ಅಷ್ಟೇ ಸಾಕು. ಲ್ಯಾಪ್‌ಟಾಪನ್ನ ಎದೆ ಎತ್ತರಕ್ಕೆ ಇಟ್ಟು ಸ್ವಲ್ಪ ನಿಮ್ಮ ಬಲಗಡೆಯಿಂದ ತೋರಿಸಿ, ಬಿಲ್ಲಿನ ತುದಿಯಿಂದ ಬುಡದವರೆಗೆ ಪೂರ್ತಿ ಕಾಣ್ಬೇಕು, ಬಿಲ್ಲು ಬ್ರಿಡ್ಜ್‌ಗೆ ನೇರ ಇದೆಯಾ ಅನ್ನೋದು ಈ ಕೋನದಲ್ಲಿ ಗೊತ್ತಾಗತ್ತೆ. ಫೋನನ್ನ ಅದೇ ಮೀಟಿಂಗ್‌ಗೆ ಎರಡನೇ ಸಲ ಸೇರಿಸಿ, ಅದರ ಆಡಿಯೋ ಕನೆಕ್ಟ್ ಮಾಡ್ಲೇಬೇಡಿ, ಮಾಡಿದ್ರೆ ಕೀಂಯ್ ಅಂತ ಕೂಗತ್ತೆ, ಎಡಗೈ ಹಿಂದಿನಿಂದ ತೋರಿಸಿ. ಬೆಳಕು ಮುಂದಿನಿಂದ ಬರ್ಲಿ, ಕಿಟಕಿ ಬೆನ್ನ ಹಿಂದೆ ಇದ್ರೆ ಕಪ್ಪು ನೆರಳು ಮಾತ್ರ ಕಾಣತ್ತೆ.

ನೋವಿನ ವಿಷಯದಲ್ಲಿ ಆನ್‌ಲೈನನ್ನ ನಂಬ್ಕೊಂಡು ಕೂರ್ಬೇಡಿ. ಭುಜ ಎತ್ತಿರೋದು ಸ್ಕ್ರೀನ್‌ನಲ್ಲಿ ಕಾಣತ್ತೆ, ಒಳಗೆ ಎಷ್ಟು ಬಿಗಿ ಇದೆ ಅನ್ನೋದು ಮುಟ್ಟದೇ ಗೊತ್ತಾಗಲ್ಲ. ಸೆಮಿಸ್ಟರ್ ಶುರು ಆಗೋ ಮುಂಚೆ ಹತ್ತಿರ ಇರೋ ಒಬ್ಬ ವಯೊಲಿನ್ ಟೀಚರ್ ಹತ್ರ ಒಂದೇ ಒಂದು ಸಲ ಹೋಗಿ ಚಿನ್ ರೆಸ್ಟ್ (ಗಲ್ಲ ಇಡೋ ತುಂಡು), ಶೋಲ್ಡರ್ ರೆಸ್ಟ್ (ಭುಜದ ಮೇಲೆ ಕೂರೋ ಆಸರೆ) ಎತ್ತರ ನೋಡಿಸ್ಕೊಳ್ಳಿ, ವಿಯೋಲಾದವರಾದ್ರೂ ಆದೀತು. ಅವರು ಹೇಳಿದ್ದನ್ನ ಆನ್‌ಲೈನ್ ಟೀಚರ್‌ಗೆ ಫೋಟೋ ಸಮೇತ ಕಳಿಸಿ, ಇಬ್ಬರೂ ಬೇರೆ ಬೇರೆ ಹೇಳಿ ನಿಮ್ಮನ್ನ ನಡುವೆ ಸಿಕ್ಕಿಸೋದು ತಪ್ಪತ್ತೆ. ಅಷ್ಟಾದ್ರೂ ನೋವು ಹೋಗದೇ ಇದ್ರೆ, ಅಥವಾ ಬೆರಳು ಜೋಮು ಹಿಡಿದ ಹಾಗಾದ್ರೆ, ನುಡಿಸೋದು ನಿಲ್ಸಿ ಡಾಕ್ಟರ್‌ಗೆ ತೋರಿಸಿ, ಜೂರಿ ಮುಂದಕ್ಕೆ ಹಾಕೋಕೆ ವಿಭಾಗಕ್ಕೂ ಆ ಚೀಟಿ ಬೇಕಾಗತ್ತೆ.